ಹಿತ್ತಲಲ್ಲಿ ಬಾವಲಿಗೊಂದು ಪೆಟ್ಟಿಗೆ: ಕಟ್ಟೋಣವೇ, ಬೇಡವೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಬೀಳುತ್ತಿವೆ, ಆ ಜಾಗದಲ್ಲಿ ಆರ್‌ಸಿಸಿ ಮನೆಗಳು ಏಳುತ್ತಿವೆ. ನಾಡಹೆಂಚಿನ ಅಡಿ, ತೊಲೆಯ ತುದಿ ಗೋಡೆಗೆ ಸೇರುವ ಸಂದು, ಬಾಗಿಲುವಾಡದ ಮೇಲಿನ ಬಿರುಕು, ಇಲ್ಲೆಲ್ಲ ಹಗಲಿಡೀ ಅಂಟಿಕೊಂಡಿದ್ದು ದೀಪ ಹಚ್ಚುವ ಹೊತ್ತಿಗೆ ಹೊರಗೆ ಹಾರುತ್ತಿದ್ದ ಸಣ್ಣ ಬಾವಲಿಗಳಿಗೆ ಹೊಸ ಮನೆಯಲ್ಲಿ ಎಡೆಯಿಲ್ಲ. ಸಿಮೆಂಟು ಬಳಿದ ಗೋಡೆಯಲ್ಲಿ ಬೆರಳು ತೂರುವಷ್ಟು ಸಂದೂ ಉಳಿಯುವುದಿಲ್ಲ. ನೆಲೆ ತಪ್ಪಿದ ಈ ಜೀವಿಗೆ ಹಿತ್ತಲ ಗೋಡೆಯ ಮೇಲೊಂದು ಮರದ ಪೆಟ್ಟಿಗೆ ಹೊಡೆದು ಕೊಡಬಹುದಲ್ಲ ಎಂಬ ಯೋಚನೆ ಒಳ್ಳೆಯದೇ. ಅಮೆರಿಕದಲ್ಲಿ ಇಂಥ ಬಾವಲಿಮನೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಅದನ್ನು ನಮ್ಮ ಹಿಪ್ಪುನೇರಳೆ ತೋಟ, ಮಾವಿನ ತೋಪು, ತೆಂಗಿನ ಸಾಲುಗಳ ನಡುವೆ ತಂದಾಗ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಯಾರಿಗೆ ತೊಂದರೆಯಾದೀತು ಎಂಬುದನ್ನು ಎರಡೂ ಕಡೆಯಿಂದ ತೂಗಿ ನೋಡಿಯೇ ಸುತ್ತಿಗೆ ಹಿಡಿಯುವುದು ಸರಿ.

ಪೆಟ್ಟಿಗೆಗೆ ಬರುವವರು ಯಾರು?

ಬಾವಲಿ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಆಲದ ಮರದಲ್ಲಿ ತಲೆಕೆಳಗಾಗಿ ಜೋತುಬಿದ್ದ ದೊಡ್ಡ ಹಣ್ಣುಬಾವಲಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ನಾಲ್ಕು ಅಡಿ ಬರುತ್ತದೆ. ಎತ್ತರದ ಮರದ ಬಯಲು ಕೊಂಬೆಯೇ ಅದರ ಮನೆ. ಸಂದಿಗೆ ನುಸುಳುವ ಜಾತಿಯೇ ಅದಲ್ಲ. ಮೂತಿ ಗಿಡ್ಡಗಿರುವ ಇನ್ನೊಂದು ಹಣ್ಣುಬಾವಲಿ ತಾಳೆ, ಬಾಳೆಯಂಥ ಅಗಲ ಎಲೆಗಳ ಮರೆಯಲ್ಲಿ ತಂಗುತ್ತದೆ. ಅದೂ ಪೆಟ್ಟಿಗೆಗೆ ಬರುವುದಿಲ್ಲ. ಎಲೆಮೂಗಿನ ಬಾವಲಿಗಳು ಗುಹೆ, ಹಾಳು ಮಂಟಪ, ಕೋಟೆಯ ಕತ್ತಲ ಕೋಣೆಗಳ ಚಾವಣಿಯಿಂದ ಬಿಡಿಬಿಡಿಯಾಗಿ ನೇತಾಡುವಂಥವು. ಎರಡು ಹಲಗೆಗಳ ನಡುವಿನ ಇಕ್ಕಟ್ಟು ಅವುಗಳಿಗೂ ಒಗ್ಗದು.

ಭಾರತದಲ್ಲಿ ಸುಮಾರು 130 ಜಾತಿಯ ಬಾವಲಿಗಳಿವೆ. ಹಿತ್ತಲ ಪೆಟ್ಟಿಗೆಗೆ ಬರಬಹುದಾದವು ಅವುಗಳಲ್ಲಿ ಕೆಲವೇ ಕೆಲವು: ಪಿಪಿಸ್ಟ್ರೆಲ್ ಎಂಬ ಪುಟ್ಟ ಬಾವಲಿಗಳು, ಹೊಟ್ಟೆಯ ಕಡೆ ಹಳದಿ ಬಣ್ಣವಿರುವ ಮನೆಬಾವಲಿಗಳು, ಹೀಗೆ ಸಂದು ಹುಡುಕಿ ಮಲಗುವ ಜಾತಿಗಳು. ಪಿಪಿಸ್ಟ್ರೆಲ್‌ನ ದೇಹ ಹೆಬ್ಬೆರಳಿನುದ್ದ, ತೂಕ ಐದು ಗ್ರಾಂ ಆಸುಪಾಸು. ಒಂದೂವರೆ ಎರಡು ಸೆಂಟಿಮೀಟರ್ ಸಂದು ಸಿಕ್ಕರೆ ಸಾಕು, ಒಳಗೆ ಸೇರಿಕೊಳ್ಳುತ್ತದೆ. ತಿನ್ನುವುದು ಹುಳಹುಪ್ಪಟೆ ಮಾತ್ರ. ಹಣ್ಣಿನ ತಂಟೆಗೆ ಹೋಗುವುದಿಲ್ಲ.

ಇವು ನಿಮ್ಮ ಮನೆಯಲ್ಲಿ ಈಗಾಗಲೇ ಇವೆಯೇ ಎಂದು ತಿಳಿಯಲು ಸೂರು ನೋಡುವುದಕ್ಕಿಂತ ನೆಲ ನೋಡುವುದು ಸುಲಭ. ಗೋಡೆಯ ಅಂಚಿಗೆ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಬಿದ್ದಿರುತ್ತದೆ. ಕಡ್ಡಿಯ ತುದಿಯಿಂದ ಒತ್ತಿ ನೋಡಿ. ಇಲಿಯ ಹಿಕ್ಕೆಯಾದರೆ ಗಟ್ಟಿಯಾಗಿ ನಿಲ್ಲುತ್ತದೆ, ಹಲ್ಲಿಯದಾದರೆ ತುದಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಬಾವಲಿಯದು ಮಾತ್ರ ಪುಡಿಪುಡಿಯಾಗಿ ಉದುರುತ್ತದೆ. ಬಿಸಿಲು ಬಿದ್ದರೆ ಆ ಪುಡಿ ಮಿನುಗುತ್ತದೆ. ಮಿನುಗುವುದೆಲ್ಲ ಅವು ತಿಂದ ಪತಂಗ, ದುಂಬಿಗಳ ರೆಕ್ಕೆ ಮತ್ತು ಚಿಪ್ಪಿನ ಚೂರುಗಳು.

ಮಾವು ಬೆಳೆಗಾರರ ಭಯಕ್ಕೂ ಇದರಲ್ಲೇ ಉತ್ತರವಿದೆ. ಬಾದಾಮಿ, ರಸಪುರಿ, ಸೇಂದೂರ ಬೆಳೆಯುವ ಈ ಜಿಲ್ಲೆಯಲ್ಲಿ ಹಣ್ಣು ಬಲಿಯುವ ಹೊತ್ತಿಗೆ ಬಾವಲಿ ಕಾಟ ನಿಜವಾದ ನಷ್ಟ. ಅದನ್ನು ಅಲ್ಲಗಳೆಯುವುದು ಬೆಳೆಗಾರನಿಗೆ ಮಾಡುವ ಅನ್ಯಾಯ. ಆದರೆ ಹಿತ್ತಲ ಪೆಟ್ಟಿಗೆಯಿಂದ ಆ ಕಾಟ ಒಂದಿಷ್ಟೂ ಹೆಚ್ಚುವುದಿಲ್ಲ. ಮಾವು ತಿನ್ನುವ ಬಾವಲಿಯೇ ಬೇರೆ, ಪೆಟ್ಟಿಗೆಯಲ್ಲಿ ಮಲಗುವ ಬಾವಲಿಯೇ ಬೇರೆ.

ಲಾಭದ ತಟ್ಟೆ

ಪೆಟ್ಟಿಗೆಯ ಪರವಾಗಿ ಹೇಳುವವರ ಬಳಿ ಗಟ್ಟಿ ಸಾಕ್ಷ್ಯಗಳಿವೆ. ಸ್ಪೇನ್ ದೇಶದ ಎಬ್ರೋ ನದಿ ಸಮುದ್ರ ಸೇರುವಲ್ಲಿ ಭತ್ತದ ಬಯಲಿದೆ. ಅಲ್ಲಿ ಗದ್ದೆಗಳ ನಡುವೆ ಬಾವಲಿ ಪೆಟ್ಟಿಗೆಗಳನ್ನು ನಿಲ್ಲಿಸಿದರು. ಪಿಪಿಸ್ಟ್ರೆಲ್ ಬಾವಲಿಗಳು ಬಂದು ನೆಲೆಸಿದವು, ಸಂಖ್ಯೆ ಬೆಳೆಯಿತು. ಭತ್ತದ ಕಾಂಡ ಕೊರೆಯುವ ಹುಳುವಿನ ಪತಂಗವನ್ನು ಅವು ತಿನ್ನುತ್ತಿದ್ದವು. ವರ್ಷಗಳು ಕಳೆದಂತೆ ಆ ಕೀಟದ ಹಾವಳಿ ಇಳಿದದ್ದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು.

ಬಾವಲಿ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಉತ್ತರ ಸಿಕ್ಕಿದೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣಿಸಿಕೊಂಡ ಬಿಳಿಮೂಗು ರೋಗ ಎಂಬ ಶಿಲೀಂಧ್ರದ ಸೋಂಕು ಲಕ್ಷಾಂತರ ಬಾವಲಿಗಳನ್ನು ಕೊಂದಿತು. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇಯಾಲ್ ಫ್ರಾಂಕ್ ರೋಗ ತಗುಲಿದ ಮತ್ತು ತಗುಲದ ಪ್ರಾಂತ್ಯಗಳನ್ನು ಹೋಲಿಸಿ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಬಾವಲಿ ಸತ್ತ ಕಡೆ ರೈತರು ಹೊಡೆಯುವ ಕೀಟನಾಶಕ ಶೇ 31ರಷ್ಟು ಏರಿತ್ತು. ಅದೇ ಪ್ರದೇಶಗಳಲ್ಲಿ ಶಿಶುಮರಣ ಸುಮಾರು ಶೇ 8ರಷ್ಟು ಹೆಚ್ಚಿತ್ತು. ಹುಳ ತಿನ್ನುವ ಜೀವಿ ಹೋದ ಜಾಗಕ್ಕೆ ವಿಷ ಬಂತು, ವಿಷದ ಹೊರೆ ಮಕ್ಕಳ ಮೇಲೆ ಬಿತ್ತು ಎಂಬುದು ಅವರ ಲೆಕ್ಕದ ಸಾರ.

ಈ ಮಾತು ನಮ್ಮ ಸೀಮೆಗೆ ಬೇರೆಲ್ಲರಿಗಿಂತ ಹೆಚ್ಚು ತಾಗಬೇಕು. ರೇಷ್ಮೆ ಮಾಡುವವರಿಗೆ ವಿಷದ ಕಷ್ಟ ಚೆನ್ನಾಗಿ ಗೊತ್ತು. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ನಿಗದಿತ ದಿನ ಕಾಯದೆ ಸೊಪ್ಪು ಕೊಯ್ಯುವಂತಿಲ್ಲ. ಪಕ್ಕದ ಹೊಲದವರು ಹೊಡೆದದ್ದು ಗಾಳಿಗೆ ತೇಲಿ ಬಂದರೂ ಸಾಕು, ಪೊರೆ ಕಳಚುವ ಜ್ವರದಿಂದ ಎದ್ದು ಚೆನ್ನಾಗಿ ಮೇಯುತ್ತಿದ್ದ ಹುಳು ಗೂಡು ಕಟ್ಟುವ ಚಂದ್ರಿಕೆ ಏರುವ ಮೊದಲೇ ಸಾಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಬೆಳೆ ತಿಪ್ಪೆಗೆ ಹೋಗುತ್ತದೆ. ವಿಷವಿಲ್ಲದೆ ಕೀಟ ಇಳಿಸುವ ಯಾವ ದಾರಿಯನ್ನಾದರೂ ಹಗುರವಾಗಿ ತಳ್ಳಿಹಾಕುವ ಸ್ಥಿತಿಯಲ್ಲಿ ರೇಷ್ಮೆ ರೈತನಿಲ್ಲ.

ಬಾವಲಿ ನೆರವಾಗಬಲ್ಲ ಕೀಟಗಳೂ ಇಲ್ಲಿವೆ. 1990ರ ದಶಕದ ನಡುವಿನಿಂದ ಕರ್ನಾಟಕದ ಹಿಪ್ಪುನೇರಳೆಗೆ ದೊಡ್ಡ ತಲೆನೋವಾಗಿರುವ ಎಲೆ ಸುರುಳಿ ಹುಳುವಿನ ತಾಯಿ ಪತಂಗ ರಾತ್ರಿ ಹಾರುವಂಥದ್ದು. ತೆಂಗಿನ ಗರಿಯನ್ನು ಸುಟ್ಟಂತೆ ಒಣಗಿಸುವ ಕಪ್ಪುತಲೆ ಹುಳುವಿನ ಪತಂಗವೂ ಅಷ್ಟೇ. ರಾತ್ರಿ ಹಾರುವ, ಗಾತ್ರದಲ್ಲಿ ಸಣ್ಣ, ಮೈ ಮೃದುವಾದ ಪತಂಗವೆಂದರೆ ಪುಟ್ಟ ಬಾವಲಿಗೆ ಒಗ್ಗುವ ಆಹಾರ.

ಲಾಭಕ್ಕೊಂದು ಮಿತಿ

ಇಷ್ಟರಿಂದಲೇ ಪೆಟ್ಟಿಗೆ ಕೀಟನಾಶಕದ ಬದಲಿ ಎಂದುಕೊಂಡರೆ ನಿರಾಸೆ ಖಂಡಿತ. ರೇಷ್ಮೆ ರೈತನ ಮೊದಲ ಶತ್ರು ಊಜಿ ನೊಣ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹಗಲಿನಲ್ಲಿ ಹಾರಿ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಬಾವಲಿ ಮಲಗಿರುವ ಹೊತ್ತಿನ ಕೀಟವದು. ಅದಕ್ಕೆ ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದೇ ಈಗಲೂ ದಾರಿ. ಹಿಪ್ಪುನೇರಳೆಯ ಕುಡಿ ಮುದುಡಿಸುವ ಹಿಟ್ಟು ತಿಗಣೆ ಎಲೆಗೇ ಅಂಟಿಕೊಂಡಿರುತ್ತದೆ, ಹಾರುತ್ತಾ ಬೇಟೆಯಾಡುವ ಬಾವಲಿಗೆ ಅದು ಎಟುಕದು. ತೆಂಗಿನ ಸುಳಿ ಕೊರೆಯುವ ದಪ್ಪ ದುಂಬಿ ರಾತ್ರಿಯೇ ಹಾರಿದರೂ ಐದು ಗ್ರಾಂ ತೂಕದ ಬಾವಲಿಗೆ ಅದು ಮೀರಿದ ತುತ್ತು. ಎಬ್ರೋದಲ್ಲಿದ್ದದ್ದು ಒಂದೇ ಬೆಳೆಯ ವಿಶಾಲ ಬಯಲು, ಒಂದು ಮುಖ್ಯ ಕೀಟ, ಒಂದಲ್ಲ ಹತ್ತಾರು ಪೆಟ್ಟಿಗೆ, ಹಲವು ವರ್ಷಗಳ ಕಾಯುವಿಕೆ. ಮುಕ್ಕಾಲು ಎಕರೆ ಸೊಪ್ಪಿನ ತೋಟದ ಅಂಚಿಗೆ ಒಂದೇ ಪೆಟ್ಟಿಗೆ ನಿಲ್ಲಿಸಿ ಅದೇ ಫಲ ಕೇಳುವುದು ನ್ಯಾಯವಲ್ಲ.

ಸೊಳ್ಳೆಯ ವಿಷಯದಲ್ಲಂತೂ ಮಾತು ಮೊದಲಿನಿಂದಲೂ ಅಳತೆ ಮೀರಿದೆ. ಒಂದು ಬಾವಲಿ ಗಂಟೆಗೆ ನೂರಾರು ಸೊಳ್ಳೆ ತಿನ್ನುತ್ತದೆ ಎಂಬ ಹೇಳಿಕೆಯ ಬೇರು 1960ರ ಅಮೆರಿಕದ ಪ್ರಯೋಗವೊಂದರಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬಿಟ್ಟು, ಬಾವಲಿ ಹಾರಿಸಿ, ಅದು ಕೆಲವು ನಿಮಿಷದಲ್ಲಿ ಹಿಡಿದ ಲೆಕ್ಕವನ್ನು ಗಂಟೆಗೆ ಹಿಗ್ಗಿಸಿದ ಅಂಕಿ ಅದು. ಬಯಲಿನಲ್ಲಿ ಬಾವಲಿಗೆ ಆಯ್ಕೆಯಿರುತ್ತದೆ; ಒಂದು ಕೊಬ್ಬಿದ ಪತಂಗ ಸಿಕ್ಕರೆ ಹತ್ತು ಸೊಳ್ಳೆಯ ಹಿಂದೆ ಹಾರುವ ಶ್ರಮ ತಪ್ಪುತ್ತದೆ. ಹಾಗೆಂದು ಪ್ರಯೋಜನವೇ ಇಲ್ಲವೆಂದೂ ಅಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಬಾವಲಿ ಬಿಟ್ಟ ಬಲೆಗೂಡುಗಳೊಳಗೆ ಸೊಳ್ಳೆ ಇಟ್ಟ ಮೊಟ್ಟೆ ಶೇ 32ರಷ್ಟು ಕಡಿಮೆಯಾಗಿತ್ತು.

ಸ್ಯಾನ್ ಆಂಟೋನಿಯೋದ ವೈದ್ಯ ಚಾರ್ಲ್ಸ್ ಕ್ಯಾಂಪ್‌ಬೆಲ್ 1911ರಲ್ಲಿ ಟೆಕ್ಸಾಸಿನ ಮಿಚೆಲ್ ಸರೋವರದ ದಡದಲ್ಲಿ ಬಾವಲಿ ಗೋಪುರ ಕಟ್ಟಿಸಿದ್ದು ಮಲೇರಿಯಾ ಓಡಿಸಲೆಂದೇ. ಬಾವಲಿಗಳು ಬಂದವು, ಗೊಬ್ಬರವೂ ಸಿಕ್ಕಿತು, ಮಲೇರಿಯಾ ಇಳಿಯಿತೆಂದು ಅವರು ನಂಬಿದರು. ಅದು ಬಾವಲಿಯಿಂದಲೇ ಆಯಿತೆಂಬುದನ್ನು ಮುಂದಿನವರು ಒಪ್ಪಲಿಲ್ಲ. ಅವರ ನಕ್ಷೆ ನೋಡಿ ಫ್ಲಾರಿಡಾದ ದ್ವೀಪವೊಂದರಲ್ಲಿ 1929ರಲ್ಲಿ ಕಟ್ಟಿದ ಗೋಪುರಕ್ಕೆ ಬಾವಲಿಗಳು ಬರಲೇ ಇಲ್ಲ. ಖಾಲಿ ಗೋಪುರ 2017ರ ಚಂಡಮಾರುತಕ್ಕೆ ಬಿತ್ತು. ಅದೇ ರಾಜ್ಯದ ಫ್ಲಾರಿಡಾ ವಿಶ್ವವಿದ್ಯಾಲಯ 1991ರಲ್ಲಿ ಕಟ್ಟಿದ ಬಾವಲಿಮನೆಗೆ ಹಿಡಿದು ತಂದ ಬಾವಲಿಗಳು ನಿಲ್ಲದೆ ಹಾರಿಹೋದವು; ಕೆಲವು ವರ್ಷ ಖಾಲಿ ನಿಂತ ಮೇಲೆ ತಾವಾಗಿಯೇ ಬಂದವು, ಈಗ ಲಕ್ಷಗಟ್ಟಲೆ ಇವೆ. ಕಟ್ಟುವುದು ನಮ್ಮ ಕೈಯಲ್ಲಿದೆ, ಬರುವುದು ಅವುಗಳ ಕೈಯಲ್ಲಿದೆ. ವರ್ಷವೆರಡಾದರೂ ಕಾಯುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಇಳಿಯದಿರುವುದೇ ಮೇಲು.

ನಮ್ಮ ಊರುಗಳ ದೊಡ್ಡ ಭಯ ಡೆಂಗಿ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದ್ದು. ನಿಂತ ನೀರಿನ ಡ್ರಮ್ಮು, ಒಡೆದ ಟೈರು, ಎಳನೀರು ಬುರುಡೆ ತೆಗೆಯುವುದಕ್ಕೆ ಬದಲಾಗಿ ಬಾವಲಿ ಪೆಟ್ಟಿಗೆ ನಿಲ್ಲಲಾರದು. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಬಂದು ತುಂಬುವ ಬಿಡದಿ ಬಳಿಯ ಬೈರಮಂಗಲ ಕೆರೆಯ ಸುತ್ತ ರಾತ್ರಿ ಏಳುವ ಸೊಳ್ಳೆಗಳಲ್ಲಿ ಒಂದಿಷ್ಟನ್ನು ಬಾವಲಿ ತಿಂದೀತು. ಆದರೆ ಆ ಕೆರೆಗೆ ಬೇಕಿರುವುದು ಶುದ್ಧ ನೀರು.

ಬಿಸಿಲು ಎಂಬ ಅಪಾಯ

ಪೆಟ್ಟಿಗೆಯ ವಿರುದ್ಧ ನನಗೆ ಅತ್ಯಂತ ತೂಕದ್ದೆನಿಸುವ ಆಕ್ಷೇಪ ಶಾಖದ್ದು. ಬಾವಲಿಮನೆಯ ಬಗ್ಗೆ ಹೆಚ್ಚಿನ ಸಲಹೆಗಳು ಚಳಿದೇಶಗಳಿಂದ ಬಂದವು. ಅಲ್ಲಿ ಪೆಟ್ಟಿಗೆಗೆ ಗಾಢ ಬಣ್ಣ ಬಳಿ, ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುವ ದಿಕ್ಕಿಗೆ ಮುಖ ಮಾಡು ಎನ್ನುತ್ತಾರೆ. ಮರಿಗಳಿಗೆ ಬೆಚ್ಚಗಿರಲಿ ಎಂಬುದು ಅದರ ಉದ್ದೇಶ. ಆ ಸಲಹೆಯನ್ನು ಹಾಗೆಯೇ ರಾಮನಗರಕ್ಕೆ ತಂದರೆ ಪೆಟ್ಟಿಗೆ ಹೆಂಚು ಕಾದಂತೆ ಕಾಯುತ್ತದೆ. ಬಂಡೆಗಲ್ಲಿನ ನಾಡು ಇದು. ಏಪ್ರಿಲ್‌ನಲ್ಲಿ ನೆರಳಿನ ತಾಪವೇ 36, 37 ಡಿಗ್ರಿ ಮುಟ್ಟುವಾಗ ಬಿಸಿಲಿಗೆ ಒಡ್ಡಿದ ಸಣ್ಣ ಪೆಟ್ಟಿಗೆಯ ಒಳಗೆ 40 ಡಿಗ್ರಿ ದಾಟುವುದು ಸುಲಭ. ಆ ಮಟ್ಟ ದಾಟಿದರೆ ಬಾವಲಿಗಳಿಗೆ ಜೀವಕ್ಕೆ ಸಂಕಟ. ಹಾರಲು ಬಾರದ ಮರಿಗಳಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಅತಿಯಾಗಿ ಕಾಯುವ ಪೆಟ್ಟಿಗೆಗಳು ಸಂರಕ್ಷಣೆಯ ಹೆಸರಿನಲ್ಲಿ ಬೋನುಗಳಾಗಬಹುದು ಎಂದು ಅಮೆರಿಕದ ಸಂಶೋಧಕರೇ 2021ರಲ್ಲಿ ಎಚ್ಚರಿಸಿದ್ದಾರೆ.

ಹೆಂಚಿನ ಸೂರಿನಲ್ಲಿ ಈ ತೊಂದರೆ ಕಡಿಮೆ. ಮೇಲೆ ಕಾದರೆ ಬಾವಲಿ ಕೆಳಗೆ ಜರುಗುತ್ತದೆ, ಪಡುವಣ ಬಿಸಿಲು ತಾಗಿದರೆ ಮೂಡಣ ಮಗ್ಗುಲಿಗೆ ಹೋಗುತ್ತದೆ. ಒಂದಡಿ ಅಗಲದ ಪೆಟ್ಟಿಗೆಯಲ್ಲಿ ಹಾಗೆ ಜರುಗಲು ಜಾಗವಿಲ್ಲ. ಕೆಟ್ಟದಾಗಿ ಕಟ್ಟಿದ ಪೆಟ್ಟಿಗೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂದು ಹೇಳುವವರ ಮಾತಿನಲ್ಲಿ ಸತ್ಯವಿದೆ.

ರೋಗದ ಭಯ

ಮನೆಯವರ ಮೊದಲ ಪ್ರಶ್ನೆ ಬರುವುದು ಇಲ್ಲಿಂದ. ನೆರೆಯ ಕೇರಳದ ಕೋಯಿಕ್ಕೋಡು, ಮಲಪ್ಪುರಂ ಜಿಲ್ಲೆಗಳಲ್ಲಿ 2018ರಲ್ಲಿ ನಿಫಾ 17 ಜನರ ಪ್ರಾಣ ತೆಗೆಯಿತು. ಆಮೇಲೂ ಅದು ಹಲವು ಬಾರಿ ಮರಳಿದೆ. ಆ ವೈರಸ್ಸಿನ ಆಸರೆ ದೊಡ್ಡ ಹಣ್ಣುಬಾವಲಿ. ಪೆಟ್ಟಿಗೆಗೆ ಬರುವ ಹುಳಬಾಕ ಬಾವಲಿಯಲ್ಲ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಬಾಯಿ ತೆರೆದ ಮಡಕೆಯ ಹೆಂಡ, ನೀರಾ ಕುಡಿಯಬೇಡಿ ಎಂಬ ಎಚ್ಚರಿಕೆ ಪೆಟ್ಟಿಗೆ ಇರಲಿ ಬಿಡಲಿ ಪಾಲಿಸಬೇಕಾದ್ದು. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ರಾಜ್ಯಗಳ ಹಣ್ಣುಬಾವಲಿಗಳನ್ನು ಪರೀಕ್ಷಿಸಿದಾಗ ಕೇರಳ, ತಮಿಳುನಾಡು ಮುಂತಾದ ಕಡೆ ಬಾವಲಿಗಳದೇ ಆದ ಕೊರೊನಾ ವೈರಸ್ ಸಿಕ್ಕಿತು, ಕರ್ನಾಟಕದ ಮಾದರಿಗಳಲ್ಲಿ ಸಿಗಲಿಲ್ಲ. ಸಿಕ್ಕದ್ದೂ ಕೋವಿಡ್ ತರುವ ವೈರಸ್ ಆಗಿರಲಿಲ್ಲ.

ಹುಚ್ಚುನಾಯಿ ರೋಗದ ಮಾತಿಗೆ ಬಂದರೆ, ಭಾರತದಲ್ಲಿ ರೇಬೀಸ್ ಮನುಷ್ಯನಿಗೆ ಬರುವುದು ಬಹುಪಾಲು ನಾಯಿಯಿಂದ. ಆದರೂ ನಾಗಾಲ್ಯಾಂಡಿನ ಕೆಲವು ಬಾವಲಿಗಳ ರಕ್ತದಲ್ಲಿ ಆ ಜಾತಿಯ ವೈರಸ್ಸಿಗೆ ಪ್ರತಿಕಾಯ ಇದ್ದದ್ದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬಾರದು, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಣಗಿದ ಹಿಕ್ಕೆಯ ರಾಶಿಯಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಬೆಳೆಯಬಹುದು. ಅದನ್ನು ಒಣ ಪೊರಕೆಯಿಂದ ಗುಡಿಸದೆ, ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ ಎತ್ತಬೇಕು. ಮನೆಯಲ್ಲಿ ಉಬ್ಬಸದವರೋ, ರೋಗನಿರೋಧಕ ಶಕ್ತಿ ಕುಗ್ಗಿದವರೋ ಇದ್ದರೆ ಗೋಡೆಗೆ ಪೆಟ್ಟಿಗೆ ಹೊಡೆಯುವುದು ಬೇಡ; ತೋಟದ ತುದಿಯ ಕಂಬವೇ ಸಾಕು.

ಈ ಎಚ್ಚರಿಕೆಗಳನ್ನು ತೂಗಿದಾಗ ಒಂದು ಅಂಶ ಪೆಟ್ಟಿಗೆಯ ಪರವಾಗಿಯೇ ನಿಲ್ಲುತ್ತದೆ. ಮಲಗುವ ಕೋಣೆಯ ಸೂರಿನಲ್ಲಿ ಬಾವಲಿ ಇರುವುದಕ್ಕಿಂತ ಮನೆಯಿಂದ ಇಪ್ಪತ್ತು ಮೂವತ್ತು ಅಡಿ ಆಚೆ ಇರುವುದು ಎರಡೂ ಕಡೆಗೆ ಸುಖ. ಬಾವಲಿ ಮನೆಯೊಳಗೆ ಬಂದರೆ ಕೇಡು ಎಂದು ನಂಬುವ ಹಿರಿಯರಿರುವ ಮನೆಯಲ್ಲೂ ಆಚೆಯ ಕಂಬದ ಮೇಲಿನ ಪೆಟ್ಟಿಗೆಗೆ ತಕರಾರು ಏಳುವುದು ಕಡಿಮೆ.

ಪೆಟ್ಟಿಗೆ ಕೈಬಿಡುವ ಬಾವಲಿಗಳು

ಸಂರಕ್ಷಣೆಯ ಕಣ್ಣಿನಿಂದ ನೋಡಿದರೆ ಇನ್ನೊಂದು ಆಕ್ಷೇಪವಿದೆ. ಪೆಟ್ಟಿಗೆಯಿಂದ ಲಾಭವಾಗುವುದು ಈಗಾಗಲೇ ಎಲ್ಲೆಂದರಲ್ಲಿ ಬದುಕಿಕೊಳ್ಳುವ ಜಾತಿಗಳಿಗೆ. ನಿಜವಾಗಿ ಅಳಿವಿನ ಅಂಚಿನಲ್ಲಿರುವವು ಅದರ ಹತ್ತಿರವೂ ಸುಳಿಯುವುದಿಲ್ಲ.

ಇದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಕೋಲಾರ ಎಲೆಮೂಗಿನ ಬಾವಲಿಯನ್ನು ವಿಜ್ಞಾನ ಹೊಸ ಜಾತಿಯೆಂದು ಗುರುತಿಸಿದ್ದು 1994ರಲ್ಲಿ. ಈಗ ಅದು ಲೋಕದಲ್ಲಿ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲ. ಅಲ್ಲಿರುವುದೂ ಇನ್ನೂರಕ್ಕಿಂತ ಕಡಿಮೆ. ಅದನ್ನು ಆ ಅಂಚಿಗೆ ತಳ್ಳಿದ ಕಾರಣಗಳಲ್ಲಿ ಮುಖ್ಯವಾದದ್ದು ಸುತ್ತಲಿನ ಗ್ರಾನೈಟ್ ಗಣಿಗಾರಿಕೆ. ಬೆಂಗಳೂರಿನ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಆ ಗುಹೆಯನ್ನು ಉಳಿಸಲು ದುಡಿಯುತ್ತಿದೆ. ಆ ಬಾವಲಿಗೆ ಯಾವ ಬಡಗಿಯೂ ಮನೆ ಕಟ್ಟಿಕೊಡಲಾರ.

ಕನಕಪುರ, ಮಾಗಡಿ, ರಾಮನಗರಗಳೂ ಬಂಡೆಯ ಸೀಮೆಗಳೇ, ಕಲ್ಲುಗಣಿಯ ಸೀಮೆಗಳೇ. ಸಾವನದುರ್ಗದಂಥ ಬೆಟ್ಟದ ಪೊಟರೆಗಳು, ಮಾಗಡಿ ಸುತ್ತಿನ ಹಳೆಯ ಕೋಟೆ ಮಂಟಪಗಳು, ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲಗಳಂಥ ಮರಗಳು, ಇವು ಪೆಟ್ಟಿಗೆ ಮುಟ್ಟದ ಬಾವಲಿಗಳ ಮನೆಗಳು. ಹಣ್ಣುಬಾವಲಿ ಮಾವು ತಿನ್ನುವುದು ನಿಜ. ಹಿಪ್ಪೆ, ಬೂರುಗದ ಹೂವಿಗೆ ಪರಾಗ ಒಯ್ಯುವುದೂ, ಆಲ ಅತ್ತಿಯ ಬೀಜ ಹರಡುವುದೂ ಅದೇ. 1972ರ ವನ್ಯಜೀವಿ ಕಾಯ್ದೆ ಅದನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ರಾಮದೇವರ ಬೆಟ್ಟ ನಮಗೆ ಕಲಿಸಿದ ಪಾಠವನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಆದರೆ ರಣಹದ್ದುಗಳು ದೇಶದಾದ್ಯಂತ ಕುಸಿದದ್ದು ಬಂಡೆ ಇಲ್ಲದೆ ಅಲ್ಲ. ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಗುವ ಹೊತ್ತಿಗೆ ಬಹುಪಾಲು ಹದ್ದುಗಳು ಹೋಗಿದ್ದವು. ಮೇಲೆ ಹೇಳಿದ ಇಯಾಲ್ ಫ್ರಾಂಕ್ ಅವರೇ ಅನಂತ್ ಸುದರ್ಶನ್ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ರಣಹದ್ದುಗಳ ನಾಶದಿಂದ ಭಾರತದಲ್ಲಿ 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು. ಮನೆ ಇದ್ದೂ ಉಣ್ಣುವ ತುತ್ತಿನಲ್ಲಿ ವಿಷವಿದ್ದರೆ ಪ್ರಾಣಿ ಉಳಿಯದು. ಬಾವಲಿಗೆ ಪೆಟ್ಟಿಗೆ ಕೊಟ್ಟು, ಅದು ತಿನ್ನುವ ಪತಂಗಕ್ಕೆ ವಾರವಾರ ಔಷಧಿ ಹೊಡೆಯುತ್ತಿದ್ದರೆ ಆ ಪೆಟ್ಟಿಗೆಗೆ ಅರ್ಥವಿಲ್ಲ.

ಕಟ್ಟುವುದಾದರೆ

ಇಷ್ಟೆಲ್ಲ ತಿಳಿದೂ ಕಟ್ಟಬೇಕೆನ್ನುವವರಿಗೆ ನಮ್ಮ ಹವೆಗೆ ಒಗ್ಗುವ ರೀತಿ ಬೇರೆ. ಎರಡಡಿ ಎತ್ತರ, ಒಂದೂಕಾಲು ಅಡಿಗೆ ಕಡಿಮೆಯಿಲ್ಲದ ಅಗಲ, ಒಳಗೆ ಎರಡು ಸೆಂಟಿಮೀಟರ್ ಅಂತರದಲ್ಲಿ ಎರಡು ಮೂರು ಅಡ್ಡ ಹಲಗೆ. ಹೀಗೆ ಪದರ ಮಾಡಿದರೆ ಹೊರಗಿನದು ಕಾದಾಗ ಒಳಗಿನದಕ್ಕೆ ಸರಿಯಲು ಅವಕಾಶವಾಗುತ್ತದೆ. ಪಕ್ಕದಲ್ಲಿ ಗಾಳಿಗೊಂದು ಸೀಳು ಬಿಡಬೇಕು. ತಳ ಪೂರ್ತಿ ತೆರೆದಿರಬೇಕು; ಹಿಂಬದಿಯ ಹಲಗೆ ಅಲ್ಲಿಂದ ಗೇಣಿನಷ್ಟು ಕೆಳಗೆ ಚಾಚಿಕೊಂಡಿದ್ದರೆ ಬಾವಲಿ ಅದರ ಮೇಲೆ ಇಳಿದು ಮೇಲಕ್ಕೆ ತೆವಳುತ್ತದೆ.

ಚನ್ನಪಟ್ಟಣದಲ್ಲಿ ಮರಗೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಆದರೆ ಗೊಂಬೆಗೆ ಬೇಕಾದ ನುಣುಪು ಇಲ್ಲಿ ಸಲ್ಲದು. ಆಲೆಮರವನ್ನು ಕಡೆದು ಅರಗು ಹಿಡಿಸುವ ಕುಶಲಿಗೆ ಈ ಕೆಲಸ ಒರಟೆನಿಸಬಹುದು: ಒಳಗಿನ ಪ್ರತಿ ಹಲಗೆಗೂ ಗರಗಸದಿಂದ ಅಡ್ಡಡ್ಡ ಗೀರು ಎಳೆಯಬೇಕು, ಒಂದು ಸೆಂಟಿಮೀಟರಿಗೊಂದರಂತೆ. ಆ ಗೀರಿಗೆ ಉಗುರು ಸಿಕ್ಕಿಸಿಯೇ ಬಾವಲಿ ನೇತಾಡುವುದು. ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಒಳಗೆ ಕೂಡದು. ಹೊರಗೆ ಸುಣ್ಣ ಬಳಿದರೆ ಬಿಸಿಲು ಹಿಮ್ಮೆಟ್ಟುತ್ತದೆ. ತಗಡಿನ ಬದಲು ಹಳೆಯ ಹೆಂಚೊಂದನ್ನು ಬೆರಳಗಲ ಗಾಳಿ ಬಿಟ್ಟು ಮೇಲೆ ಹೊದಿಸಿದರೆ ತಂಪು.

ಹನ್ನೆರಡರಿಂದ ಹದಿನೈದು ಅಡಿ ಎತ್ತರದಲ್ಲಿ, ಬೆಳಗಿನ ಬಿಸಿಲು ತಾಗಿ ಮಧ್ಯಾಹ್ನದ ಹೊತ್ತಿಗೆ ನೆರಳು ಬೀಳುವ ಕಡೆ ನಿಲ್ಲಿಸಬೇಕು. ಬೆಕ್ಕು, ಕೇರೆಹಾವು ಹತ್ತುವ ಕೊಂಬೆ ಹತ್ತಿರ ಇರಬಾರದು. ಬೀದಿದೀಪದ ಬೆಳಕು ನೇರ ಬೀಳಬಾರದು. ಕೃಷಿ ಹೊಂಡವೋ ಕೆರೆಯೋ ಹತ್ತಿರವಿದ್ದರೆ ಒಳ್ಳೆಯದು. ಬಾವಲಿ ಹಾರುತ್ತಲೇ ನೀರು ಮುಟ್ಟಿ ಕುಡಿಯುತ್ತದೆ. ಸಂಪು, ನೀರಿನ ತೊಟ್ಟಿ, ದನದ ಮೇವಿನ ಮೇಲೆ ಹಿಕ್ಕೆ ಬೀಳದ ಜಾಗವಿರಲಿ. ರೇಷ್ಮೆ ಹುಳು ಮನೆಯ ಗೋಡೆಯಂತೂ ಬೇಡವೇ ಬೇಡ. ಹುಳುವಿಗೆ ಹಿಕ್ಕೆಯ ಕೊಳಕು ಆಗದು, ಬಾವಲಿಗೆ ಫಾರ್ಮಲಿನ್, ಬ್ಲೀಚಿಂಗ್ ಪೌಡರಿನ ಘಾಟು ಆಗದು.

ನನ್ನ ತೀರ್ಮಾನ

ಎರಡೂ ಕಡೆ ತೂಗಿದ ಮೇಲೆ ನನಗೆ ತೋರುವುದು ಇಷ್ಟು. ಸೊಳ್ಳೆ ಓಡಿಸಲೆಂದೋ, ಕೀಟನಾಶಕದ ಖರ್ಚು ಈ ವರ್ಷವೇ ಇಳಿಸಲೆಂದೋ ಕಟ್ಟುವುದಾದರೆ ಕಟ್ಟಬೇಡಿ. ಪೆಟ್ಟಿಗೆ ಆ ಮಾತು ಉಳಿಸಿಕೊಡುವುದಿಲ್ಲ. ಮಧ್ಯಾಹ್ನದ ನೆರಳು ಸಿಗದ ಸೈಟಿನಲ್ಲಿ, ವಾರಕ್ಕೊಮ್ಮೆ ಔಷಧಿ ಹೊಡೆಯುವ ತೋಟದಲ್ಲಿ, ಬೆಕ್ಕು ಸಾಕಿದ ಸಣ್ಣ ಹಿತ್ತಲಲ್ಲಿ ಕಟ್ಟಬೇಡಿ. ಅಲ್ಲಿ ಅದು ಬಾವಲಿಗೆ ಉಪಕಾರವಾಗದು. ನೆರಳು, ನೀರು, ಕತ್ತಲು ಮೂರೂ ಇರುವ, ವಿಷ ಕಡಿಮೆ ಮಾಡಿರುವ ತೋಟವಿದ್ದರೆ, ಎರಡು ಮಳೆಗಾಲ ಕಾಯುವ ಮನಸ್ಸಿದ್ದರೆ, ಅವಶ್ಯ ಕಟ್ಟಿ. ಒಂದೇ ಊರಿನ ನಾಲ್ಕಾರು ತೋಟದವರು ಕೂಡಿ ಕಟ್ಟಿದರೆ ಇನ್ನೂ ಮೇಲು.

ಆದರೆ ಪೆಟ್ಟಿಗೆಗಿಂತ ಮೊದಲು ಮಾಡಬೇಕಾದ ಕೆಲಸ ಬೇರೆಯಿದೆ, ಅದಕ್ಕೆ ಮೊಳೆಯೂ ಬೇಡ ಹಲಗೆಯೂ ಬೇಡ. ಹೆಂಚಿನ ಮನೆ ಕೆಡವುವ ಮುನ್ನ ಸೂರಿನಲ್ಲಿ ಮರಿಗಳಿವೆಯೇ ನೋಡಿ, ಇದ್ದರೆ ಅವು ಹಾರುವವರೆಗೆ ಕೆಲಸ ಮುಂದಕ್ಕೆ ಹಾಕಿ. ಹೊಸ ಮನೆಯ ಹಿಂಬದಿಯ ಗೋಡೆಯಲ್ಲಿ ಒಂದು ಸಂದು ಬಿಡುವಂತೆ ಮೇಸ್ತ್ರಿಗೆ ಹೇಳಿ. ತೋಟದಂಚಿನ ತಾಳೆ, ಈಚಲು, ತೆಂಗಿನ ಒಣಗರಿಗಳನ್ನೆಲ್ಲ ಒಂದೇ ಸಲ ಬೋಳಿಸಬೇಡಿ, ಮನೆಬಾವಲಿಗಳು ಅಲ್ಲಿಯೂ ಮಲಗುತ್ತವೆ. ಊರಿನ ಗುಡ್ಡಕ್ಕೆ ಕಲ್ಲುಗಣಿ ಬರುವುದಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಅಲ್ಲಿನ ಪೊಟರೆಗಳಲ್ಲಿ ಏನೇನು ವಾಸವಿದೆ ಎಂದು ಕೇಳಿ. ಹಿತ್ತಲ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಬಾವಲಿ ತಂಗಬಹುದು; ಗುಡ್ಡದ ಒಂದೇ ಒಂದು ಬಂಡೆಯ ಬಿರುಕಿನಲ್ಲಿ ಅದರ ಹತ್ತು ಪಟ್ಟು ತಂಗಬಹುದು, ಆ ಬಿರುಕನ್ನು ಒಮ್ಮೆ ಒಡೆದರೆ ಮತ್ತೆ ಯಾರೂ ಕಟ್ಟಿಕೊಡಲಾಗದು. ಇರುವ ನೆಲೆಗಳನ್ನು ಉಳಿಸಿಕೊಂಡ ಊರಿನಲ್ಲಿ ಪೆಟ್ಟಿಗೆ ಒಳ್ಳೆಯ ಸೇರ್ಪಡೆ. ಅವನ್ನು ಕಳೆದುಕೊಂಡ ಊರಿನಲ್ಲಿ ಅದು ಪರಿಹಾರವೆನಿಸಿಕೊಳ್ಳಲಾರದು.